ಬಾಗಿಲಾಚೆಯ ದನಿ

ಗೆಳೆಯರೇ, ಕುಡಿತ ಬಿಡಿಸಲು ಕೂತು ಮಾತಾಡಿಸುವ ಡಾಕ್ಟರಮ್ಮ ಒಬ್ಬರು ಹೊಸಪೇಟೆಯಲ್ಲಿ ಕೊನೆಗೂ ಸಿಕ್ಕರು. ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುವ ತಮ್ಮ ವೀರೇಶನನ್ನು ಇಂದು ಬೆಳಿಗ್ಗೆ ಕರೆದೊಯ್ದೆ.

"ಯಾವಾಗಿಂದ ಕುಡೀತೀರಿ?" ಎಂದು ಅವರು ಅವನನ್ನು ಕೇಳಿದರು.

"ಅಪ್ಪ ಹೋದಾಗಿಂದರಿ," ಎಂದೆ ನಾನು.

"ನಿದ್ದಿ ಬರ್ತದೇನ್ರಿ?"

"ಎಲ್ಲಿ ಬರ್ತದರಿ," ಎಂದೆ.

"ಅಲ್ರೀ, ಕುಡಿಯೋರು ಯಾರು, ನೀವಾ?"

ವೀರೇಶ ನಕ್ಕುಬಿಟ್ಟ. ನನ್ನನ್ನು ಹೊರಗೆ ಕಳಿಸಿದರು. ಹಿರಿಯರು ಎದುರಿಗಿದ್ದರೆ ಕಿರಿಯರು ಬಾಯಿ ತೆರೆಯದ ಮನೆ ನಮ್ಮದು. ಆದರೆ ಮುಚ್ಚಿದ ಬಾಗಿಲಿನಾಚೆ ಅವನ ದನಿ ನಿಲ್ಲುತ್ತಲೇ ಇರಲಿಲ್ಲ. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ನಾನು ಬೆಂಚಿನಲ್ಲಿ ಬಾಗಿಲ ಕಡೆಗೆ ಸರಿದು ಕೂತೆ.

ಹೊರಬಂದಾಗ ಅವನ ಕಣ್ಣು ಕೆಂಪಾಗಿತ್ತು.

"ಏನ್ ಹೇಳಿದ್ಯೋ ಅಷ್ಟೊತ್ತು?"

"ಏನಿಲ್ಲ ಬಿಡಣ್ಣ. ಮುಂದಿನ ವಾರ ನೀ ಬರಾದು ಬ್ಯಾಡ, ನಾ ಒಬ್ನ ಬರ್ತೀನಿ."

ಬರಲಿ, ಬೇಕಿದ್ದದ್ದೇ ಅದು. ಆದರೆ ಅವನು ಒಳಗೆ ಹೋದ ಮೇಲೆ ನಾನು ಸದ್ದಿಲ್ಲದೆ ಬಂದು ಆ ಬೆಂಚಿನ ಮೇಲೆ ಕೂತರೆ, ಅವನಿಗೆ ಹೇಳುವವರು ನಿಮ್ಮಲ್ಲಿ ಯಾರೂ ಇಲ್ಲವಲ್ಲ?