ಗಾಂಧಾರಿ ಮೆಣಸಿನ ಖಾರ

ಸೊಸೆ ಇವತ್ತು ಚಟ್ನಿಗೆ ಗಾಂಧಾರಿ ಮೆಣಸು ಜಜ್ಜಿದಳು. ಆ ಘಾಟಿಗೆ ಈಶ್ವರಮಂಗಲದ ನಮ್ಮ ಅಂಗಳ ಕಣ್ಣೆದುರು ಬಂತು.

ನಾನು ಚಿಕ್ಕವಳಿದ್ದಾಗ ಒಂದು ದಿನ ಹುಲ್ಲು ಕೊಯ್ಯುವಾಗ ಅಕ್ಕನ ಕಾಲಿಗೆ ಹಾವು ಕಚ್ಚಿತ್ತು. ಅಪ್ಪ ಅವಳನ್ನು ಪುತ್ತೂರಿನ ಆಸ್ಪತ್ರೆಗೆ ಒಯ್ಯಲು ಹೊರಟರು.

"ಸ್ವಲ್ಪ ನಿಲ್ಲು ಮಾರಾಯ," ಎಂದು ಅಜ್ಜಿ ಅಕ್ಕನ ಬಾಯಿಗೆ ಮೆಣಸು ಹಾಕಿದರು. ವಿಷ ಏರಿದವರಿಗೆ ಖಾರ ತಿಳಿಯುವುದಿಲ್ಲ ಎಂದು ಊರೆಲ್ಲ ನಂಬಿತ್ತು.

"ಎಂತ, ಖಾರ ಉಂಟಾ?"

"ಉಂಟಜ್ಜಿ, ಉರಿಯುತ್ತದೆ," ಎಂದು ಅಕ್ಕ ಅತ್ತಳು.

ನಾವೆಲ್ಲ ನಕ್ಕೆವು. ಅಪ್ಪ ಅಂಗಿ ಕಳಚಿ ಮೊಳೆಗೆ ಸಿಕ್ಕಿಸಿದರು. ಅಮ್ಮ ಅಕ್ಕನಿಗೆ ಬೆಲ್ಲದ ತುಂಡು ಕೊಟ್ಟಳು. ಸಂಜೆ ಅವಳ ವಸಡಿನಿಂದ ರಕ್ತ ಬರತೊಡಗಿತು, ನಿಲ್ಲಲೇ ಇಲ್ಲ. ಕೊನೆಯ ಬಸ್ಸು ಹೋಗಿಯಾಗಿತ್ತು. ಬೆಳಗಾಗುವಾಗ ಅಕ್ಕ ಇರಲಿಲ್ಲ.

ಊಟಕ್ಕೆ ಕೂತಾಗ ಸೊಸೆ ಕೇಳಿದಳು, "ಖಾರ ಉಂಟಾ ಅತ್ತೆ?"

ನಾನು ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸಿ, ಒಂದು ತುಂಡು ಬೆಲ್ಲ ಕೇಳಿದೆ.