ಎರಡು ಸೀಟಿನ ಕಾರಿಗೆ ಮಳೆಯ ಟೈರು

ನಾರಾಯಣಪೇಟೆಯ ನರಸಿಂಹುಲು ಐವತ್ತು ದಾಟಿದ ಮೇಲೆ ಸ್ಪೋರ್ಟ್ಸ್ ಕಾರು ಕೊಂಡ. ಎರಡೇ ಬಾಗಿಲು, ಎರಡೇ ಸೀಟು. ನೆಲಕ್ಕೆ ಹೊಟ್ಟೆ ತಾಗುತ್ತದೇನೋ ಎನ್ನುವಷ್ಟು ತಗ್ಗು. ಕಡುಹಸಿರು ಬಣ್ಣ. ಹೈದರಾಬಾದಿನಲ್ಲಿ ಒಬ್ಬರು ಓಡಿಸಿ ಸಾಕಾಗಿ ಮಾರಿದ್ದು. ತೆಲಂಗಾಣ ಬೇರೆ ರಾಜ್ಯವಾಗಿ ನಾಲ್ಕು ವರ್ಷವಾಗಿದ್ದರೂ ಅದರ ನಂಬರ್ ಪ್ಲೇಟಿನ ಮೇಲೆ ಇನ್ನೂ ಆಂಧ್ರದ ಅಕ್ಷರಗಳೇ ಇದ್ದವು. ಮಗ್ಗದ ಓಣಿಯಲ್ಲಿ ಅದು ತಿರುಗಿಕೊಳ್ಳಬೇಕಾದರೆ ಎದುರಿನ ಮನೆಯವರು ಮಂಚ ಒಳಗೆ ಎಳೆದುಕೊಳ್ಳಬೇಕಾಗುತ್ತಿತ್ತು.

ಅವನು ಹುಟ್ಟಾ ನೇಕಾರ. ತಂದೆಯ ಕುಣಿಮಗ್ಗದಲ್ಲಿ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂತೇ ಬೆಳೆದವನು. ಆಮೇಲೆ ತಾನೇ ಸೀರೆಗಳನ್ನು ಗಂಟು ಕಟ್ಟಿಕೊಂಡು ಗದ್ವಾಲ, ರಾಯಚೂರು ಎಂದು ತಿರುಗಿ ವ್ಯಾಪಾರ ಹಿಡಿದ. ಮಕ್ಕಳ ಮದುವೆಯಾಯಿತು, ಮನೆಗೆ ಮೇಲ್ಮಾಳಿಗೆ ಬಂತು. ಈ ವಯಸ್ಸಿನಲ್ಲಿ ಇಂಥ ಕಾರು ಯಾಕೆ ಎಂದು ಕೇಳಿದವರಿಗೆ ಅವನು ನಗುತ್ತ ಹೇಳುತ್ತಿದ್ದ: "ಕುಣ್ಯಾಗ ಕುಂತು ಬರೇ ಕಾಲು ಆಡಿಸೀನ್ರೀ ಇಷ್ಟು ದಿನ. ಕುಂತಲ್ಲಿಂದ ಒಂಚೂರೂ ಸರದಿಲ್ಲ. ಈಗ ಕುಂತ್ಕೊಂಡೇ ಓಡಬೇಕಂತ ಆಸಿ ಆಗೇತಿ."

ಹೆಂಡತಿ ಅನಂತಮ್ಮ ಬೇಡ ಎನ್ನಲಿಲ್ಲ. ಎರಡನೇ ಸೀಟು ತನ್ನದೆಂದು ಮೊದಲ ದಿನವೇ ಅದರ ಮೇಲೆ ಒಂದು ಹಳೆಯ ಸೀರೆಯನ್ನು ಮಡಚಿ ಹಾಸಿದಳು.

ಕಾರಿನಲ್ಲಿ ನರಸಿಂಹುಲುವಿಗೆ ಎಲ್ಲಕ್ಕಿಂತ ಹಿಡಿಸಿದ್ದು ಟೈರು. ಅಗಲವಾಗಿ, ಕಪ್ಪಗೆ, ಗೀರುಗಳೇ ಇಲ್ಲವೇನೋ ಎನ್ನುವಷ್ಟು ನುಣ್ಣಗಿದ್ದವು. ಮಾರಿದವನು ಕಾರನ್ನು ರೇಸಿನ ಟ್ರ್ಯಾಕಿನಲ್ಲಿ ಓಡಿಸುತ್ತಿದ್ದನಂತೆ, ಅದಕ್ಕೆಂದೇ ಹಾಕಿಸಿದ್ದು. ಭಾನುವಾರ ಬೆಳಿಗ್ಗೆ ನರಸಿಂಹುಲು ಒದ್ದೆ ಬಟ್ಟೆಯಿಂದ ಅವನ್ನು ಒರೆಸುತ್ತ ಕೂರುತ್ತಿದ್ದ. ದಸರೆಯಿಂದ ಕಾರ್ತಿಕದವರೆಗೆ ರಸ್ತೆ ಒಣಗಿತ್ತು, ಬಿಸಿಲಿತ್ತು; ಕಾರು ನೆಲಕ್ಕೆ ಅಂಟಿಕೊಂಡಂತೆ ಓಡಿತು.

ಡಿಸೆಂಬರಿನಲ್ಲಿ ಸಮುದ್ರದ ಕಡೆ ಚಂಡಮಾರುತ ಎದ್ದು ಇಲ್ಲಿಯವರೆಗೂ ಮೋಡ ಕವಿಯಿತು. ಹಗಲೆಲ್ಲ ತುಂತುರು, ಮೈ ನಡುಗಿಸುವ ಗಾಳಿ. ಕುರಿ ಕಾಯುವವರು ಕಂಬಳಿ ಕೊಪ್ಪೆ ಹಾಕಿಕೊಂಡೇ ತಿರುಗುತ್ತಿದ್ದರು. ಅಂಥ ಒಂದು ಬೆಳಿಗ್ಗೆ ಗಂಡ ಹೆಂಡತಿ ಇಟಿಕ್ಯಾಲದ ನೆಂಟರ ಮನೆಗೆ ತೊಟ್ಟಿಲು ಕಾರ್ಯಕ್ಕೆ ಹೊರಟರು. ಗದ್ವಾಲ ದಾಟಿ, ಕಾಲುವೆ ಪಕ್ಕದ ತಿರುವಿನಲ್ಲಿ ಮುಂದೆ ಹೋಗುತ್ತಿದ್ದ ಆಟೋ ನಿಧಾನ ಮಾಡಿತು. ನರಸಿಂಹುಲು ಬ್ರೇಕಿನ ಮೇಲೆ ಕಾಲಿಟ್ಟ. ಗಟ್ಟಿಯಾಗಿ ಒತ್ತಲೂ ಇಲ್ಲ. ಕಾರು ನಿಲ್ಲಲಿಲ್ಲ. ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ಜಾರಿತು. ಅವನು ಸ್ಟೇರಿಂಗ್ ಎಳೆದ ಕಡೆಗೆ ಅದು ಬರಲಿಲ್ಲ. ಒಂದು ಸುತ್ತು ಪೂರ್ತಿ ತಿರುಗಿ, ರಸ್ತೆ ಇಳಿದು ಹತ್ತಿ ಹೊಲದೊಳಗೆ ಹೋಗಿ ನಿಂತಿತು.

ಇಬ್ಬರಿಗೂ ಏನೂ ಆಗಲಿಲ್ಲ. ಅನಂತಮ್ಮ ಎರಡೂ ಕೈಯಿಂದ ತೊಟ್ಟಿಲ ಮಗುವಿನ ಕುಂಚಿಗೆಯ ಪೊಟ್ಟಣವನ್ನು ಅವುಚಿ ಹಿಡಿದಿದ್ದಳು. ಅದನ್ನು ಬಿಡದೆಯೇ ಕೇಳಿದಳು.

"ನಿಂತೇತೇನ್ರೀ?"

"ನಿಂತೇತಿ," ಎಂದ ನರಸಿಂಹುಲು. ಅವನ ಕಾಲು ಇನ್ನೂ ಬ್ರೇಕಿನ ಮೇಲೇ ಇತ್ತು.

ಹೊಲದೊಡತಿ ಕಿಷ್ಟಮ್ಮ ತಲೆ ಮೇಲೆ ಗೊಬ್ಬರದ ಚೀಲ ಹೊದ್ದು ಓಡಿಬಂದಳು. ಮುರಿದ ಗಿಡಗಳ ಕಡೆ ನೋಡದೆ ಮೊದಲು ಬಾಗಿಲು ತೆಗೆದು ಅನಂತಮ್ಮನ ಕೈ ಹಿಡಿದು ಇಳಿಸಿದಳು. ಆಮೇಲೆ ನರಸಿಂಹುಲುವನ್ನು ಬೈದಳು. "ಗಾಡಿ ಇಷ್ಟು ತಗ್ಗ ಐತಿ, ಗಿಡದಾಗ ಹೊಕ್ಕರ ಕಾಣಂಗೇ ಇಲ್ಲ. ನಾನು ಹತ್ತಿ ಬಿಡಿಸಾಕ ಬಗ್ಗಿದ್ದರ ಏನ್ ಗತಿ ಇತ್ತಪ್ಪಾ?" ಆಟೋದಲ್ಲಿದ್ದವರು ಇಳಿದು ನೂಕಿ ಕಾರನ್ನು ರಸ್ತೆಗೆ ಹತ್ತಿಸಿದರು.

ಮನೆಗೆ ಬಂದವನೇ ಅವನು ಕಾರಿನ ಮೇಲೆ ತಾಡಪತ್ರಿ ಹೊದಿಸಿದ. ಆಮೇಲೆ ಅದರ ಹತ್ತಿರ ಸುಳಿಯಲಿಲ್ಲ. ಗದ್ವಾಲಕ್ಕೆ ಬಸ್ಸಿನಲ್ಲಿ ಹೋದ. ಯಾರಾದರೂ ಕೇಳಿದರೆ ಬ್ಯಾಟರಿ ಹೋಗಿದೆ ಎಂದ. ಊಟಕ್ಕೆ ಕೂತಾಗ ತುತ್ತು ಹಿಡಿದು ಹಾಗೇ ಗೋಡೆ ನೋಡುತ್ತಿದ್ದ. ಕಣ್ಣು ಮುಚ್ಚಿದರೆ ಕಾರು ತಿರುಗುತ್ತಲೇ ಇತ್ತು. ತನಗಾದ ಭಯಕ್ಕಿಂತ, ಕಾರು ತಿರುಗುವಷ್ಟು ಹೊತ್ತೂ ಪಕ್ಕದಲ್ಲಿ ಅವಳು ಒಂದು ಮಾತೂ ಆಡದೆ ಕೂತಿದ್ದದ್ದೇ ಅವನನ್ನು ಹೆಚ್ಚು ಕಾಡುತ್ತಿತ್ತು.

ಅನಂತಮ್ಮ ಕೆಲವು ದಿನ ನೋಡಿದಳು. ಒಂದು ದಿನ ಚಹಾ ಕೊಡುತ್ತ ಹೇಳಿದಳು. "ಮಾರೂದಿದ್ದರ ಮಾರ್ರಿ. ಇಟ್ಕೊಳ್ಳೂದಿದ್ದರ ಅದು ಯಾಕ ಜಾರಿತು ಅಂತ ತಿಳ್ಕೊಳ್ರಿ. ಹಿಂಗ ಮುಚ್ಚಿಟ್ಟು ಹೆದರ್ಕೊಂತ ಕೂಡಬ್ಯಾಡ್ರಿ."

ಮಕ್ತಲ್‌ನ ರಾಯಚೂರು ರಸ್ತೆಯಲ್ಲಿ ಭೀಮಶಂಕರನ ಟೈರಿನ ಅಂಗಡಿ. ಬಾಗಿಲ ಮೇಲೆ ಬೀರಪ್ಪ ದೇವರ ಪಟ, ಒಳಗೆ ಆಳೆತ್ತರದ ಟ್ರ್ಯಾಕ್ಟರ್ ಟೈರುಗಳು. ರಸ್ತೆ ಒಣಗಿದ ಒಂದು ದಿನ ಗಂಡ ಹೆಂಡತಿ ಮೆಲ್ಲಗೆ ಕಾರು ತಂದು ಅಲ್ಲಿ ನಿಲ್ಲಿಸಿದರು. ಭೀಮಶಂಕರ ಕೂತು ಟೈರಿಗೆ ಉಗುರು ಒತ್ತಿ ನೋಡಿದ. ಪಕ್ಕದಲ್ಲಿ ಅಚ್ಚಾಗಿದ್ದ ಅಂಕಿಗಳನ್ನು ಮೊಬೈಲಿನ ಬೆಳಕಿನಲ್ಲಿ ಓದಿದ.

"ತಯಾರಾಗಿ ಎಂಟು ವರ್ಷದ ಮ್ಯಾಲಾತು ಅಣ್ಣಾರ. ಸವದಿಲ್ಲ ಖರೇ, ಆದ್ರ ರಬ್ಬರ್ ಬಿರುಸಾಗೇತಿ. ಇದಕ್ಕಿಂತ ಹೆಚ್ಚಿಗಿ ನನಗೂ ತಿಳಿಯಂಗಿಲ್ಲ. ಇಂಥ ಗಾಡಿಗೆ ನಾನು ಟೈರು ಹಾಕೇ ಇಲ್ಲ. ರಾಯಚೂರಾಗ ನಮ್ಮ ಡೀಲರ್ ಅದಾನ, ಕೇಳೋಣು."

ಫೋನಿನ ಸ್ಪೀಕರ್ ಹಾಕಿ ಮೂವರೂ ಅದರ ಸುತ್ತ ಬಗ್ಗಿದರು. ಡೀಲರ್ ಸಮಾಧಾನದಿಂದ ವಿವರಿಸಿದ. ರೇಸಿನ ಟೈರು ಓಡಿ ಓಡಿ ಬಿಸಿಯಾದಾಗಲೇ ರಸ್ತೆ ಹಿಡಿಯುವುದು; ಚಳಿಯಲ್ಲಿ ಗಟ್ಟಿಯಾಗಿಬಿಡುತ್ತದೆ. ಮೇಲೆ ಗೀರು ಕಡಿಮೆಯಾದ್ದರಿಂದ ಟೈರಿನ ಕೆಳಗೆ ಸಿಕ್ಕ ನೀರಿಗೆ ಹೋಗಲು ದಾರಿಯಿಲ್ಲ, ನೀರಿನ ಮೇಲೆ ತೇಲಿದಂತಾಗುತ್ತದೆ. ಹಾಗೆಂದು ಹಿಮ ಬೀಳುವ ದೇಶದ ಟೈರು ತರಿಸಿದರೆ ಅದು ನಮ್ಮ ಬೇಸಿಗೆಯಲ್ಲಿ ಕರಗಿದಂತೆ ಸವೆಯುತ್ತದೆ. ಚಳಿಮಳೆಗೂ ಬಿಸಿಲಿಗೂ ಆಗುವ, ಆಳ ಗೀರಿನ, ಈಚೆಗೆ ತಯಾರಾದ ಟೈರು ಬೇಕು. ಅಳತೆ ಮಾತ್ರ ಕಾರಿನ ಕಂಪನಿ ಹೇಳಿದ್ದೇ ಇರಲಿ.

"ಹಿಂದಿನವು ಎರಡು ಹಾಕಿದರ ಸಾಕಲ್ಲ?" ಎಂದ ನರಸಿಂಹುಲು. ಜಾರಿದ್ದು ಹಿಂಭಾಗ. ಮುಂದಿನ ಆ ನುಣುಪು ಟೈರುಗಳಾದರೂ ಉಳಿಯಲಿ ಎಂಬ ಆಸೆ ಅವನಿಗಿತ್ತು.

"ಆಗ ಹಿಂದಿನದು ಹಿಡಿತೈತಿ, ಮುಂದಿನದು ಜಾರ್ತೈತಿ. ನೀವು ತಿರುಗಿಸಿದ ಕಡಿ ಗಾಡಿ ಹೊಳ್ಳಂಗಿಲ್ಲ," ಎಂದಿತು ಫೋನು.

ಅನಂತಮ್ಮ ಗಂಡನ ಮುಖ ನೋಡಿದಳು. "ಒಂದು ಅಂಚು ರೇಷ್ಮಿ, ಒಂದು ಅಂಚು ನೂಲು ಹಾಕಿ ಸೀರಿ ನೇಯ್ತೀರೇನ್ರೀ?"

ವಾರ ಕಳೆದು ಭೀಮಶಂಕರನ ಅಂಗಡಿಗೆ ಮಾದರಿಗೆಂದು ಎರಡು ಬಗೆಯ ಟೈರು ಬಂದವು. ಒಂದರ ಪಕ್ಕದಲ್ಲಿ ಸ್ಪೋರ್ಟ್ ಎಂದು ದಪ್ಪ ಅಕ್ಷರ. ಗೀರು ತೆಳು, ನೋಟ ಚೆಂದ. ಇನ್ನೊಂದರಲ್ಲಿ ನಡುವಿನಿಂದ ಎರಡೂ ಅಂಚಿಗೆ ಬಾಣದ ಮೊನೆಯಂತೆ ಇಳಿದ ಆಳವಾದ ಗೀರುಗಳು. ಅದನ್ನು ನೋಡಿ ನರಸಿಂಹುಲು ಮುಖ ಸಣ್ಣದು ಮಾಡಿದ. "ಜೀಪಿನ ಟೈರು ಇದ್ದಂಗ ಐತಲ್ಲಪ್ಪಾ."

"ನಿಮಗ ಯಾವುದು ಬೇಕೋ ಅದು ಹಾಕ್ತೀನಿ ಅಣ್ಣಾರ," ಎಂದ ಭೀಮಶಂಕರ. "ಎರಡೂ ಹೊಸಾವು, ಎರಡೂ ಚಲೋ ಅದಾವು. ನೀರಿನ್ಯಾಗ ಮಾತ್ರ ಈ ಆಳ ಗೀರಿಂದು ಹೆಚ್ಚು ಹಿಡಿತೈತಿ."

ನರಸಿಂಹುಲು ಎರಡರ ಮುಂದೂ ಕೂತ. ತೆಳು ಗೀರಿನಲ್ಲಿ ಉಗುರಿನ ತುದಿ ಅಷ್ಟೇ ಇಳಿಯಿತು. ಆಳ ಗೀರಿನಲ್ಲಿ ಇಡೀ ಉಗುರು ಮುಳುಗಿತು. ಹೊರಗೆ ಮತ್ತೆ ತುಂತುರು ಶುರುವಾಗಿತ್ತು. ಅನಂತಮ್ಮ ಸೆರಗು ಹೊದ್ದು ಕಟ್ಟೆಯ ಮೇಲೆ ಕೂತು, ರಸ್ತೆಯ ಲಾರಿಗಳು ನೀರು ಚಿಮ್ಮಿಸುವುದನ್ನು ನೋಡುತ್ತಿದ್ದಳು. ಅವನು ಅವಳ ಕಡೆ ಒಮ್ಮೆ ನೋಡಿ, ಆಳ ಗೀರಿನ ಟೈರಿನ ಮೇಲೆ ಕೈ ಬಡಿದ. "ಇದನ್ನೇ ತರಿಸಪ್ಪ. ನಾಲ್ಕೂ."

ನಾಲ್ಕೂ ಬಂದು ಹಾಕಿಸಿದ ದಿನವೂ ರಸ್ತೆ ಒದ್ದೆಯಾಗಿಯೇ ಇತ್ತು. ಹೊಸ ರಬ್ಬರ್ ಮೊದಮೊದಲು ತುಸು ಜಾರುತ್ತದೆ, ಸ್ವಲ್ಪ ದೂರ ಹಗೂರ ಹೋಗಿರಿ ಎಂದು ಭೀಮಶಂಕರ ಎಚ್ಚರಿಸಿದ. ನರಸಿಂಹುಲು ಸ್ಟೇರಿಂಗ್ ಹಿಡಿದು ಕೂತ. ಎಂಜಿನ್ ಶುರುವಾಯಿತು. ಕಾರು ಮುಂದೆ ಹೋಗಲಿಲ್ಲ. ಅವನ ಕಾಲು ಬ್ರೇಕಿನ ಮೇಲಿಂದ ಏಳಲಿಲ್ಲ.

"ಆಗವಲ್ದು ಅನಂತಾ," ಎಂದ ಕೆಳದನಿಯಲ್ಲಿ.

"ಇಳೀರಿ," ಎಂದಳು ಅವಳು.

ಉಟ್ಕೂರ್‌ನ ತವರಿನಲ್ಲಿ ಅಣ್ಣಂದಿರ ಟ್ರ್ಯಾಕ್ಟರ್ ಓಡಿಸಿ ಬೆಳೆದವಳು ಅನಂತಮ್ಮ. ಆಮೇಲೆ ಸೀರೆ ಗಂಟು ಸಾಗಿಸಲು ಮನೆಗೆ ವ್ಯಾನು ಬಂದಾಗ ಲೈಸೆನ್ಸೂ ಮಾಡಿಸಿದ್ದಳು. ಈ ಕಾರನ್ನು ಮಾತ್ರ ಗಂಡನ ಆಸೆಯದ್ದೆಂದು ಮುಟ್ಟಿರಲಿಲ್ಲ. ಸೀಟು ಮುಂದಕ್ಕೆಳೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊರಟಳು. ಊರು ದಾಟಿ, ಟೈರು ಸ್ವಲ್ಪ ಪಳಗಿದ ಮೇಲೆ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ಬ್ರೇಕ್ ಒತ್ತಿದಳು. ಕಾರು ಗೆರೆ ಎಳೆದಂತೆ ನೆಟ್ಟಗೆ ನಿಂತಿತು.

ನರಸಿಂಹುಲು ಉಸಿರು ಬಿಟ್ಟ. "ಇನ್ನೊಮ್ಮೆ ಒತ್ತು."

ಮತ್ತೆ ಹೋದಳು, ಇನ್ನೂ ಸ್ವಲ್ಪ ಜೋರಾಗಿ. ಮತ್ತೆ ನಿಂತಿತು. ಮೂರನೆಯ ಸಲಕ್ಕೆ ಅವನು ತಾನೇ ಬಾಗಿಲು ತೆಗೆದು ಇಳಿದು ಸುತ್ತಿಬಂದ. ಅವಳು ಪಕ್ಕದ ಸೀಟಿಗೆ ಸರಿದಳು. ಅವನು ಒತ್ತಿದಾಗಲೂ ಕಾರು ನಿಂತಿತು. ಅಲ್ಲೇ, ಮಳೆಯಲ್ಲಿ ವೈಪರ್ ಆಡುತ್ತಿರುವಾಗಲೇ, ಅವನು ಕೇಳಿದ. "ಆವತ್ತು ಬಾಳ ಹೆದರಿದ್ದೇನು?"

"ಹೂಂ," ಎಂದಳು. "ನೀವು ಹೆದರಿದ್ದು ನೋಡಿ ಸುಮ್ಮಕಾದೆ."

ಆ ದಿನದಿಂದ ಮನೆಯಲ್ಲಿ ಒಂದು ರೂಢಿಯಾಯಿತು. ಬಿಸಿಲಿದ್ದರೆ ಅವನು ಓಡಿಸುತ್ತಾನೆ, ಮಳೆಯಿದ್ದರೆ ಅವಳು. ಅವನಿಗೆ ಭಯ ಉಳಿದಿದೆ ಎಂದಲ್ಲ; ಪಕ್ಕದ ಸೀಟಿನಲ್ಲಿ ಕೂತು ನೋಡುವುದು ಅವನಿಗೆ ಹಿಡಿಸಿಬಿಟ್ಟಿತು. ಜೂರಾಲ ಅಣೆಕಟ್ಟಿನ ಮೇಲೆ ಹೋಗುವಾಗ ಮಂಜಿನಲ್ಲಿ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂಬುದು ತಿಳಿಯುವುದಿಲ್ಲ. ವರ್ಷಗಟ್ಟಲೆ ಅದೇ ದಾರಿಯಲ್ಲಿ ಗಂಟು ಹೊತ್ತು ಓಡಾಡಿದವನು ಅದನ್ನು ನೋಡಿರಲೇ ಇಲ್ಲ. ಅನಂತಮ್ಮ ಮಾತ್ರ ಗಂಡನಿಗಿಂತ ತುಸು ಜೋರಾಗಿಯೇ ಓಡಿಸುತ್ತಾಳೆ.

"ಹಗೂರ, ಹಗೂರ," ಎನ್ನುತ್ತಾನೆ ನರಸಿಂಹುಲು.

ಅವಳು ನಕ್ಕು, ಕಾಲು ಸ್ವಲ್ಪ ಸಡಿಲಿಸುತ್ತಾಳೆ.