ಹನ್ನೊಂದರೊಳಗೆ ಮನೆ ಸೇರಬೇಕು

ತಡರಾತ್ರಿ ಬರುವ ಸೊಸೆಯನ್ನು ಕ್ಷೇಮವಾಗಿ ಮನೆ ತಲುಪಿಸುವ ವಿದ್ಯೆಯನ್ನು ನಮ್ಮ ಅತ್ತೆಯಷ್ಟು ಆಳವಾಗಿ ಅಭ್ಯಾಸ ಮಾಡಿದವರು ಹೈದರಾಬಾದಿನಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಅವರು ಮಾತ್ರ ದೀಪ ಹಚ್ಚಿದ ಮೇಲೆ ಮಲ್ಕಾಜ್‌ಗಿರಿಯ ನಮ್ಮ ಓಣಿಯ ಮೂಲೆಯ ಹಾಲಿನಂಗಡಿಗೂ ಒಬ್ಬರೇ ಹೋದವರಲ್ಲ.

ನಾನಾಗ ಕಾಚಿಗೂಡ ಸ್ಟೇಷನ್ನಿನ ಹತ್ತಿರ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಎರಡನೇ ಪಾಳಿಗೆ ಸೇರಿದ್ದೆ. ರಾಯಚೂರು, ಯಾದಗಿರಿ ಕಡೆಯಿಂದ ರೈಲಿಳಿದು ಬರುವ ರೋಗಿಗಳ ಜೊತೆ ಮಾತಾಡಲು ಲ್ಯಾಬಿನವರಿಗೆ ಕನ್ನಡ ಬಲ್ಲವರು ಬೇಕಾಗಿತ್ತು. "ಖಾಲಿ ಹೊಟ್ಟಿಲೆ ಬಂದೀರೇನ್ರಿ?" ಎಂದು ಕೇಳಿದರೆ ಸಾಕು, ಅರ್ಧ ಜ್ವರ ಅಲ್ಲೇ ಇಳಿದವರಂತೆ ಮುಖ ಸಡಿಲಿಸುತ್ತಿದ್ದರು. ಮದುವೆಯಾದ ಮೇಲೆ ಸಿಕ್ಕ ಮೊದಲ ನೌಕರಿ. ಅದನ್ನು ಬಿಡು ಅಂದಿದ್ದರೆ ನಾನು ಮನೆ ತಲೆಕೆಳಗು ಮಾಡುತ್ತಿದ್ದೆ.

ಬಿಡು ಅನ್ನಲಿಲ್ಲ ನನ್ನ ಗಂಡ. ಒಂದು ಷರತ್ತು ಹಾಕಿದರು. "ಹನ್ನೊಂದರ ಒಳಗ ಮನ್ಯಾಗ ಇರಬೇಕು. ಒಂದು ದಿನ ತಪ್ಪಿತು, ನೌಕರಿ ಬಂದ್." ಅವರು ರೈಲ್ವೆಯವರು, ರಾತ್ರಿ ಪಾಳಿ ಬಂದರೆ ಬೆಳಗಾದ ಮೇಲೇ ಮನೆ. ಅವರ ಗಡಿಯಾರವನ್ನು ಕೇಳುವವರಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಆಕಿ ಜಿಮ್ಮಾ ನಂದು, ನೀ ಸುಮ್ನಿರು" ಅಂದರು. ಆದರೂ ಮಗರಾಯರು ರಾತ್ರಿ ಪಾಳಿಯಿದ್ದಾಗ ಡ್ಯೂಟಿಯ ನಡುವೆ ಬಿಡುವು ಮಾಡಿಕೊಂಡು, ಹನ್ನೊಂದಾದ ಮೇಲೆ ತಪ್ಪದೆ ಅತ್ತೆಯ ಫೋನಿಗೆ ಕರೆ ಮಾಡಿ ನನ್ನ ಹಾಜರಿ ತೆಗೆದುಕೊಳ್ಳುತ್ತಿದ್ದರು.

ಹೀಗೆ ನನ್ನ ಹೊಣೆ ಹೊತ್ತ ಮೇಲೆ ಅತ್ತೆ ಸುಮ್ಮನೆ ಕೂರುವವರೇ? ಮೊದಲ ದಿನವೇ ನನ್ನ ಬ್ಯಾಗಿಗೆ ಖಾರದ ಪುಡಿಯ ಪೊಟ್ಟಣ ಬಿತ್ತು. "ಇದು ಬ್ಯಾಡಗಿ ಖಾರ ಐತ್ರಿ ಅತ್ತಿ, ಬರೇ ಬಣ್ಣ. ಕಳ್ಳನ ಮಾರಿ ಕೆಂಪಗಾದೀತು ಅಷ್ಟ," ಎಂದೆ. ಅವರಿಗೆ ಅವಮಾನವಾಯಿತು. ಮರುದಿನ ಗುಂಟೂರಿನದು ತರಿಸಿದರು. ಆ ವಾರವೇ ಪೊಟ್ಟಣ ಒಡೆದು, ನಾನು ಬ್ಯಾಗು ಕೊಡವಿ, ಇಡೀ ಲ್ಯಾಬು ಸೀನಿತು.

ಎರಡನೆಯ ಪಾಠ ಫೋನಿನದು. ನಾನು ದಿನಾ ಬರುವ ಲೋಕಲ್ ರೈಲು ತಪ್ಪಿ ಆಟೋ ಹಿಡಿಯಬೇಕಾದರೆ, ಹತ್ತಿದ ಕೂಡಲೇ ಫೋನನ್ನು ಕಿವಿಗೆ ಹಿಡಿದು, ಪೊಲೀಸ್ ಮಾಮನ ಜೊತೆ ಹಿಂದಿಯಲ್ಲಿ ಜೋರಾಗಿ ಮಾತಾಡಬೇಕು. ನಮ್ಮ ಬಳಗದಲ್ಲಿ ಪೊಲೀಸರು ಹಾಗಿರಲಿ, ಲಾಠಿ ಹಿಡಿದ ವಾಚ್‌ಮನ್ ಕೂಡ ಇರಲಿಲ್ಲ. ಅತ್ತೆ ರೊಟ್ಟಿ ಬಡಿಯುತ್ತ ನನ್ನಿಂದ ಆ ಮಾತು ಹೇಳಿಸುತ್ತಿದ್ದರು. ಅವರಿಗೆ ಹಿಂದಿ ಬಾರದು. ಆದರೂ ನನ್ನ ಉಚ್ಚಾರ ತಿದ್ದುತ್ತಿದ್ದರು.

ಇಷ್ಟೆಲ್ಲ ತಯಾರಿ ಆದ ಮೇಲೆ, ಗಂಡ ಪಾಳಿಗೆ ಹೋಗಿದ್ದ ಒಂದು ರಾತ್ರಿ ನಾನು ರೈಲಿನಲ್ಲಿ ನಿದ್ದೆ ಹೋದೆ. ಕಣ್ಣು ಬಿಟ್ಟಾಗ ಮಲ್ಕಾಜ್‌ಗಿರಿ ದಾಟಿ ರೈಲು ಮುಂದಿನ ಸ್ಟೇಷನ್ನಿನಲ್ಲಿ ನಿಲ್ಲುತ್ತಿತ್ತು. ಫೋನು ಸಂಜೆಯೇ ಸತ್ತಿತ್ತು. ಕಳ್ಳಕಾಕರ ನೆನಪು ಆಮೇಲೆ ಬಂತು; ಮೊದಲು ನೋಡಿದ್ದು ಪ್ಲಾಟ್‌ಫಾರ್ಮಿನ ಗಡಿಯಾರ. ಹನ್ನೊಂದು ದಾಟಿಯಾಗಿತ್ತು. ಹೋಯಿತಲ್ಲ ನನ್ನ ನೌಕರಿ ಎಂದುಕೊಳ್ಳುತ್ತ ಗೇಟಿನತ್ತ ಓಡಿದೆ.

ಹೊರಗೆ ಒಂದೇ ಆಟೋ ಇತ್ತು. ಹತ್ತಿದೆ, ಸತ್ತ ಫೋನನ್ನು ಕಿವಿಗೆ ಹಿಡಿದೆ. "ಮಾಮಾ, ಪೊಲೀಸ್ ಗಾಡಿ ತಗೊಂಡು ಓಣಿ ಬಾಯಿಗೆ ನಿಂತೀರೇನ್ರಿ? ಇನ್ನ ನಾಕು ಮಂದಿನ್ನ ಕರಕೊಂಡು ಬರ್ರಿ," ಎಂದು ಗಂಟಲು ಹರಿಯುವಂತೆ ಕೂಗಿದೆ. ಆಟೋದವನು ಸ್ವಲ್ಪ ಹೊತ್ತು ಕೇಳಿ, ಹಿಂದೆ ತಿರುಗದೆಯೇ, "ಘರ್ ಮೇ ಲಡಾಯಿ ಹುಯಿ ಕ್ಯಾ ಅಮ್ಮಾ? ರೋನಾ ನಕ್ಕೋ," ಎಂದ. ಮನೆಯಲ್ಲಿ ಜಗಳವಾಗಿದೆ, ಪಾಪ, ಅಳಬೇಡ ಎಂದು ಸಮಾಧಾನ ಮಾಡುತ್ತಿದ್ದಾನೆ. ಆಗ ಹೊಳೆಯಿತು, ನಾನು ಇಷ್ಟು ಹೊತ್ತು ಹೆದರಿಸಿದ್ದೆಲ್ಲ ಕನ್ನಡದಲ್ಲಿ. ಕಿವಿಗೆ ಫೋನು ಹಿಡಿದರೆ ಅದು ಮನೆಯ ಕರೆ, ಮನೆ ಎಂದರೆ ಕನ್ನಡ. ನಾಲಿಗೆಗೆ ಬೇರೆ ದಾರಿ ಗೊತ್ತಿರಲಿಲ್ಲ.

ಮಲ್ಕಾಜ್‌ಗಿರಿ ಸ್ಟೇಷನ್ನಿನ ಮುಂದೆ ಆಟೋ ತಿರುಗಿದಾಗ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಹೋಗಿ ಬರುವವರನ್ನೆಲ್ಲ ತಡೆದು ಕೇಳುತ್ತಿದ್ದಳು. "ನಮ್ಮ ಸೊಸಿನ್ನ ನೋಡೀರೇನ್ರಿ? ತೆಳ್ಳಗದಾಳ, ಬಾಯಿ ಜೋರು." ಅವರೋ ತೆಲುಗಿನಲ್ಲಿ ಪ್ಲಾಟ್‌ಫಾರ್ಮಿನ ದಾರಿ ತೋರಿಸುತ್ತಿದ್ದರು. ಅತ್ತೆ! ಆಟೋ ನಿಲ್ಲಿಸಿ, ದುಡ್ಡು ಕೊಟ್ಟು ಓಡಿದೆ.

"ಒಬ್ಬರೇ ಯಾಕ ಬಂದ್ರಿ? ಏನರ ಆಗಿದ್ರ?" ಎಂದು ರೇಗಿದೆ.

"ನೀ ಬರಲಿಲ್ಲ ಮತ್ತ."

"ಫೋನ್ ಎಲ್ಲಿ?"

"ಮನ್ಯಾಗ."

"ಖಾರದ ಪುಡಿ?"

"ಅದೂ ಮನ್ಯಾಗ."

ಕೈಯಲ್ಲಿ ಮನೆಯ ಬೀಗದ ಕೈ ಒಂದೇ ಇತ್ತು. ನನ್ನ ಸಿಟ್ಟೆಲ್ಲ ಇಳಿದು ಅಲ್ಲೇ ಅತ್ತುಬಿಟ್ಟೆ. "ಅಳಬ್ಯಾಡ, ಮಂದಿ ನೋಡಾಕತ್ತಾರ," ಎಂದು ಅತ್ತೆ ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು.

ಮನೆ ಹತ್ತಿರವೇ. ನಾನು ದಾಪುಗಾಲು ಹಾಕುತ್ತಿದ್ದರೆ ಅತ್ತೆ ಹಿಂದೆ ಬೀಳುತ್ತಿದ್ದರು. ಮೊದಲು ಮೊಣಕಾಲು ನೋವೆಂದುಕೊಂಡೆ. ನೋಡಿದರೆ ಅವರು ಮುಚ್ಚಿದ ಅಂಗಡಿಗಳನ್ನು, ಆಕಾಶವನ್ನು ನೋಡುತ್ತ ಬರುತ್ತಿದ್ದಾರೆ. "ರಾತ್ರಿ ರಸ್ತಾ ಇಷ್ಟು ಅಗಲ ಇರತೈತೇನು?" ಎಂದರು. ಆಮೇಲೆ ಚಹಾದ ಗಾಡಿಯ ಮುಂದೆ ನಿಂತೇಬಿಟ್ಟರು.

"ಅತ್ತಿ, ಅವರ ಫೋನ್ ಬರತೈತ್ರಿ."

"ಬರಲಿ. ಚಾ ಆರತೈತಿ, ಕುಡಿ."

ಬಾಗಿಲಿಗೆ ಬಂದಾಗ ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಅತ್ತೆ ಬೀಗ ತೆಗೆದು, ಚಪ್ಪಲಿಯಲ್ಲೇ ಒಳನುಗ್ಗಿ ಎತ್ತಿಕೊಂಡರು. ನಾನು ಹೊಸ್ತಿಲಲ್ಲೇ ನಿಂತೆ. ಅತ್ತೆ ಗುರುವಾರ ಒಪ್ಪೊತ್ತು ಮಾಡುವವರು, ಹಾಲಿನವನಿಗೂ ಸುಳ್ಳು ಹೇಳದವರು. ಅವರೊಂದು ಮಾತು ನಿಜ ಹೇಳಿದರೆ ನಾಳೆಯಿಂದ ನಾನು ಮನೆಯಲ್ಲೇ.

"ಆಕಿ ಬಂದು ಭಾಳ ಹೊತ್ತಾತು. ಉಂಡು ಮಲಗ್ಯಾಳ," ಎಂದರು ಅತ್ತೆ, ನನ್ನನ್ನೇ ನೋಡುತ್ತ. "ನಾನೂ ಮಲಗಿದ್ದೆ, ಅದಕ್ಕ ಕೇಳಸಲಿಲ್ಲ. ನಡುರಾತ್ರಿ ಮಂದಿ ನಿದ್ದಿ ಕೆಡಸ್ತಿ, ಇಡು ಫೋನ್."

ನನಗೆ ನಗು ತಡೆಯಲಾಗಲಿಲ್ಲ. "ನನ್ನ ನೌಕರಿ ಉಳಿಸಿದ್ರಿ, ಅತ್ತಿ."

ಅವರು ನಗಲಿಲ್ಲ. ಚಪ್ಪಲಿ ಬಿಚ್ಚಿ, ಅದರ ಮಣ್ಣನ್ನು ಒಂದಿಷ್ಟೂ ಉಳಿಯದಂತೆ ಒರೆಸುತ್ತ, "ನಿಂದಷ್ಟ ಏನು?" ಎಂದರು. "ನಾ ಒಬ್ಬಾಕಿ ಹೊರಗ ಹೋಗಿದ್ದೆ ಅಂತ ಗೊತ್ತಾದ್ರ ಅಂವ ನನಗೂ ಬಾಗಲಾ ಬಂದ್ ಮಾಡತಾನ. ನಾಳೆನೂ ಸ್ಟೇಷನ್ನಿಗೆ ಬರ್ತೀನಿ. ಹೇಳಬ್ಯಾಡ."

ಹೇಳಲಿಲ್ಲ. ಗಂಡನ ರಾತ್ರಿ ಪಾಳಿ ಇದ್ದಾಗಲೆಲ್ಲ ಅತ್ತೆ ನನ್ನನ್ನು ಕರೆದೊಯ್ಯಲು ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ನನ್ನ ರೈಲು ಬರುವುದಕ್ಕೆ ಬಹಳ ಮೊದಲೇ ಬಂದು ಕೂರುತ್ತಿದ್ದರೆಂದು ಚಹಾದವನು ಹೇಳುತ್ತಿದ್ದ.